ಯಾರೂ ಕೇಳದ ಹಾಡುಗಳಿಂದ ಬೆಳೆದ ಕಂಪನಿಗಳು

ಹೊಸದಾಗಿ ಹಾಡು ರೆಕಾರ್ಡ್ ಮಾಡಿಕೊಂಡವರು ನನ್ನನ್ನು ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ. "ಯಾವ ಡಿಸ್ಟ್ರಿಬ್ಯೂಟರ್ ಚೆನ್ನಾಗಿದೆ?" ಹಾಡನ್ನು ಸ್ಪಾಟಿಫೈ, ಆಪಲ್ ಮ್ಯೂಸಿಕ್, ಯೂಟ್ಯೂಬ್ ಮ್ಯೂಸಿಕ್ ಅಂತ ಎಲ್ಲ ಕಡೆ ತಲುಪಿಸಿ, ಅಲ್ಲಿಂದ ಬರುವ ದುಡ್ಡನ್ನು ಒಟ್ಟುಮಾಡಿ ಕೊಡುವ ಮಧ್ಯದ ಕಂಪನಿಯೇ ಡಿಸ್ಟ್ರಿಬ್ಯೂಟರ್. ಅಂಥದ್ದೊಂದು ಸ್ವತಂತ್ರ ಕಂಪನಿಯಲ್ಲಿ ನಾನು ಕೆಲವು ವರ್ಷ ಕೆಲಸ ಮಾಡಿದ್ದೆ. ಸೇರಿದಾಗ ಎಲ್ಲರೂ ಒಂದೇ ಕೋಣೆಯಲ್ಲಿ ಕೂರುತ್ತಿದ್ದೆವು. ಬಿಡುವ ಹೊತ್ತಿಗೆ ಪಕ್ಕದ ವಿಭಾಗದವರ ಹೆಸರೇ ಗೊತ್ತಿರಲಿಲ್ಲ. ಹಾಗಾಗಿ ನನಗೆ ಉತ್ತರ ಗೊತ್ತಿರುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ.

ನಾನು ಯಾವ ಹೆಸರೂ ಹೇಳುವುದಿಲ್ಲ. "ಅವರು ನಿಮ್ಮ ಹತ್ತಿರ ದುಡ್ಡು ಯಾವಾಗ ತಗೋತಾರೆ ನೋಡಿ" ಅನ್ನುತ್ತೇನೆ. ಹಾಡು ಹಾಕುವಾಗಲೋ, ಹಾಡು ಓಡಿದ ಮೇಲೋ? ಕೇಳಿದವರಿಗೆ ಇದು ಜಾರಿಕೊಳ್ಳುವ ಮಾತಿನ ಹಾಗೆ ಕಾಣುತ್ತದೆ. ಆದರೆ ಈ ಉದ್ಯಮ ಬೆಳೆದ ರೀತಿ, ಅದು ಈಗ ಸಿಕ್ಕಿಕೊಂಡಿರುವ ಇಕ್ಕಟ್ಟು ಎರಡೂ ಈ ಪ್ರಶ್ನೆಯೊಳಗೇ ಇವೆ ಅಂತ ನನಗನ್ನಿಸುತ್ತದೆ.

ಮೊದಲಿಂದ ಹೇಳ್ತೀನಿ.

1990ರ ದಶಕದ ಕೊನೆಯಲ್ಲಿ ಡೆರೆಕ್ ಸಿವರ್ಸ್ ಎಂಬ ಅಮೆರಿಕದ ಸಂಗೀತಗಾರ ತನ್ನದೇ ಸಿಡಿಯನ್ನು ಇಂಟರ್ನೆಟ್‌ನಲ್ಲಿ ಮಾರಲು ಹೊರಟ. ಆಗಿನ ಆನ್‌ಲೈನ್ ಅಂಗಡಿಗಳು ದೊಡ್ಡ ವಿತರಕರ ಮೂಲಕ ಬಂದರೆ ಮಾತ್ರ ತಗೊಳ್ಳುತ್ತಿದ್ದವು. ಆ ವಿತರಕರ ಬಾಗಿಲು ಒಂಟಿ ಕಲಾವಿದರಿಗೆ ತೆರೆಯುತ್ತಿರಲಿಲ್ಲ. ಸರಿ, ತಾನೇ ಒಂದು ವೆಬ್‌ಸೈಟ್ ಮಾಡಿ, ಕ್ರೆಡಿಟ್ ಕಾರ್ಡ್ ಖಾತೆ ತೆರೆದು, 'ಬೈ' ಅಂತ ಒಂದು ಬಟನ್ ಇಟ್ಟ. ಅದನ್ನು ನೋಡಿದ ಗೆಳೆಯರು "ನಂದೂ ಹಾಕ್ತೀಯಾ?" ಅಂದರು. ಗೆಳೆಯರ ಗೆಳೆಯರೂ ಬಂದರು. 1998ರಲ್ಲಿ ಸಿಡಿ ಬೇಬಿ ಹುಟ್ಟಿದ್ದು ಹೀಗೆ. ಇದಕ್ಕೆ ಒಂದು ವರ್ಷ ಮೊದಲೇ ನ್ಯೂಯಾರ್ಕ್‌ನಲ್ಲಿ ದಿ ಆರ್ಚರ್ಡ್ ಎಂಬ ವಿತರಣಾ ಕಂಪನಿ ಶುರುವಾಗಿತ್ತು. ಅದರ ದಾರಿ ಬೇರೆ, ಆಮೇಲೆ ಹೇಳುತ್ತೇನೆ.

ಸಿವರ್ಸ್ ಕತೆಯಲ್ಲಿ ನನಗೆ ಇಷ್ಟವಾಗುವುದು ಅವನ ಆಸೆಗಳ ಪಟ್ಟಿ. ತನಗೊಬ್ಬ ಒಳ್ಳೆಯ ವಿತರಕ ಸಿಕ್ಕರೆ ಹೇಗಿರಬೇಕು ಅಂತ ಅವನು ಯೋಚಿಸಿದ್ದ. ವಾರವಾರ ದುಡ್ಡು ಕೊಡಬೇಕು. ಯಾರು ಕೊಂಡರು ಅನ್ನುವುದನ್ನು ಹೆಸರು ವಿಳಾಸದ ಸಮೇತ ತಿಳಿಸಬೇಕು. ಮಾರಾಟ ಕಡಿಮೆ ಅಂತ ಯಾರನ್ನೂ ಹೊರಹಾಕಬಾರದು. ದುಡ್ಡು ಕೊಟ್ಟು ಮೊದಲ ಪುಟದಲ್ಲಿ ಜಾಗ ಹಿಡಿಯಲು ಬಿಡಬಾರದು. ನಾಲ್ಕೇ ಮಾತು. ಇವತ್ತಿನ ಯಾವ ವಿತರಣಾ ಕಂಪನಿಯನ್ನಾದರೂ ಈ ಪಟ್ಟಿಯ ಎದುರು ನಿಲ್ಲಿಸಿ ನೋಡಿ. ನಾಲ್ಕೂ ಪಾಸಾಗುವ ಒಂದು ಕಂಪನಿ ನನಗೆ ನೆನಪಾಗುತ್ತಿಲ್ಲ. ಎರಡನೆಯದಂತೂ ಈಗ ಆಗದ ಮಾತು. ನಿಮ್ಮ ಹಾಡನ್ನು ಯಾರು ಕೇಳಿದರು ಅನ್ನುವುದು ಸ್ಟ್ರೀಮಿಂಗ್ ಕಂಪನಿಗೆ ಗೊತ್ತು. ವಿತರಕನಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ.

ದರ ಇಟ್ಟ ರೀತಿಯೂ ಹಾಗೇ ಸರಳ. ಒಂದು ಸಿಡಿಯನ್ನು ಅಂಗಡಿಗೆ ಸೇರಿಸಲು 35 ಡಾಲರ್. ಮಾರಾಟವಾದ ಪ್ರತಿ ಸಿಡಿಗೆ 4 ಡಾಲರ್ ಕಂಪನಿಗೆ, ಉಳಿದದ್ದು ಕಲಾವಿದರಿಗೆ. ಅಂದರೆ ಹಾಕುವಾಗಲೂ ಸ್ವಲ್ಪ, ಓಡಿದಾಗಲೂ ಸ್ವಲ್ಪ. ಆಗ ಇದರಲ್ಲಿ ಯಾರಿಗೂ ವಿಶೇಷ ಕಾಣಲಿಲ್ಲ.

2003ರ ಏಪ್ರಿಲ್ 28ರಂದು ಆಪಲ್ ಐಟ್ಯೂನ್ಸ್ ಮ್ಯೂಸಿಕ್ ಸ್ಟೋರ್ ತೆರೆಯಿತು. ಎರಡು ಲಕ್ಷ ಹಾಡು, ಒಂದೊಂದಕ್ಕೆ 99 ಸೆಂಟ್. ಸ್ವಲ್ಪ ದಿನಕ್ಕೇ ಸ್ಟೀವ್ ಜಾಬ್ಸ್ ಸಣ್ಣ ಲೇಬಲ್‌ಗಳನ್ನೂ (ಹಾಡು ಹೊರತರುವ ಕಂಪನಿಗಳು) ವಿತರಕರನ್ನೂ ಕರೆಸಿ, ನಿಮ್ಮ ಹತ್ತಿರ ಇರುವುದೆಲ್ಲ ನಮಗೆ ಬೇಕು ಅಂದರು. ಸಿವರ್ಸ್ ಕೂಡ ಹೋಗಿದ್ದ. ಆಗಿನ ಏರ್ಪಾಡಿನಲ್ಲಿ ಪ್ರತಿ ಸಿಡಿಯನ್ನೂ ಕಂಪ್ಯೂಟರಿಗೆ ಹಾಕಿ, ಹಾಡಿನ ಹೆಸರು, ವಿವರ ಎಲ್ಲ ಕೈಯಲ್ಲೇ ಟೈಪ್ ಮಾಡಿ ಕಳಿಸಬೇಕಿತ್ತು. ಆ ದುಡಿಮೆಗೆ ಅಂತ ಅವನು ಆಲ್ಬಂಗೆ 40 ಡಾಲರ್ ಕೇಳಿದ. ಐದು ಸಾವಿರ ಕಲಾವಿದರು ಕೊಟ್ಟರು. ಎರಡು ಲಕ್ಷ ಡಾಲರ್ ಬಂತು. ಆದರೆ ಆಪಲ್ ಕಡೆಯಿಂದ ಸಹಿಯಾದ ಒಪ್ಪಂದ ಮಾತ್ರ ಬರಲೇ ಇಲ್ಲ. ತಿಂಗಳುಗಳು ಹೋದವು. ಅಕ್ಟೋಬರ್‌ನಲ್ಲಿ ವೇದಿಕೆ ಮೇಲೆ ನಿಂತ ಜಾಬ್ಸ್, 40 ಡಾಲರ್ ಕೊಟ್ಟು ಯಾರು ಬೇಕಾದರೂ ಒಳಗೆ ಬರುವಂಥ ಅಂಗಡಿ ನಮ್ಮದಲ್ಲ ಅನ್ನುವ ಅರ್ಥದಲ್ಲಿ ಮಾತಾಡಿದರು. ಸಿವರ್ಸ್ ಆ ಎರಡು ಲಕ್ಷವನ್ನೂ ವಾಪಸ್ ಕೊಟ್ಟು, ಇನ್ನು ಈ ಸೇವೆಗೆ ದುಡ್ಡೇ ಬೇಡ ಅಂತ ಘೋಷಿಸಿದ. ತಮಾಷೆ ಅಂದರೆ, ಮರುದಿನವೇ ಒಪ್ಪಂದ ಬಂತು.

ಈ ಪ್ರಸಂಗವನ್ನು ಎಲ್ಲರೂ ಅವನ ಪ್ರಾಮಾಣಿಕತೆಗೆ ಉದಾಹರಣೆಯಾಗಿ ಹೇಳುತ್ತಾರೆ. ಅದು ನಿಜವೇ. ನನಗೆ ಕಾಣುವುದು ಇನ್ನೊಂದು. ವಿತರಕನ ಇಡೀ ವ್ಯಾಪಾರ ಅವನ ಕೈಯಲ್ಲಿಲ್ಲದ ಬಾಗಿಲಿನ ಮೇಲೆ ನಿಂತಿದೆ. ಆ ಕಡೆಯವರು ಒಂದು ಮಾತು ಬದಲಿಸಿದರೆ ಈ ಕಡೆ ಸಾವಿರಾರು ಜನರಿಗೆ ಕೊಟ್ಟ ಭರವಸೆ ಬಿದ್ದುಹೋಗುತ್ತದೆ. ಅವತ್ತೂ ಹಾಗೇ ಇತ್ತು, ಇವತ್ತೂ ಹಾಗೇ ಇದೆ.

ದರದ ವಿಷಯಕ್ಕೆ ಬರುತ್ತೇನೆ. 2006ರ ಆರಂಭದಲ್ಲಿ ಟ್ಯೂನ್‌ಕೋರ್ ಬಾಗಿಲು ತೆರೆಯಿತು. ಅದರ ವಾದ ಬಹಳ ಖಡಕ್ಕಾಗಿತ್ತು. ನಾವು ಸಾಗಿಸುವ ಕೆಲಸದವರು, ನಿಮ್ಮ ರಾಯಲ್ಟಿಯಲ್ಲಿ ನಮಗೆ ಪಾಲೇಕೆ? ಆಲ್ಬಂಗೆ ಇಷ್ಟು, ವರ್ಷಕ್ಕೆ ಇಷ್ಟು ಅಂತ ಕೊಡಿ, ಬಂದ ದುಡ್ಡೆಲ್ಲ ನಿಮ್ಮದೇ. ಕಮಿಷನ್ ಕೊಟ್ಟು ಕೊಟ್ಟು ಬೇಸತ್ತಿದ್ದವರಿಗೆ ಇದು ನ್ಯಾಯವಾಗಿ ಕಂಡಿತು. 2013ರಲ್ಲಿ ಬಂದ ಡಿಸ್ಟ್ರೋಕಿಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ವರ್ಷಕ್ಕೆ 20 ಡಾಲರ್ ಕೂಡ ಇಲ್ಲದ ಚಂದಾ, ಎಷ್ಟು ಹಾಡು ಬೇಕಾದರೂ ಹಾಕಿ. ಆಗ ಬೇರೆಯವರು ಒಂದೊಂದು ಆಲ್ಬಂಗೂ ಪ್ರತಿವರ್ಷ ಇದಕ್ಕಿಂತ ಜಾಸ್ತಿ ಕೇಳುತ್ತಿದ್ದರು. ಸಂಗೀತಗಾರರು ಸಾಲುಗಟ್ಟಿ ಬಂದರು. 2021ರಲ್ಲಿ ಹೂಡಿಕೆದಾರರು ಡಿಸ್ಟ್ರೋಕಿಡ್‌ಗೆ 130 ಕೋಟಿ ಡಾಲರ್ ಬೆಲೆ ಕಟ್ಟಿದರು. ಮುಂದಿನ ವರ್ಷ ಟ್ಯೂನ್‌ಕೋರ್ ಕೂಡ ಚಂದಾ ಕಟ್ಟಿ ಎಷ್ಟು ಬೇಕಾದರೂ ಹಾಕುವ ಪದ್ಧತಿಗೆ ತಿರುಗಿತು. ಸಿಡಿ ಬೇಬಿ ಮಾತ್ರ ಒಂದು ಸಲದ ಶುಲ್ಕ, ಜೊತೆಗೆ ಬಂದದ್ದರಲ್ಲಿ 9 ಶೇಕಡಾ ಅನ್ನುವ ತನ್ನ ಹಳೆಯ ದಾರಿಯಲ್ಲೇ ಉಳಿಯಿತು.

ಈಗ ಲೆಕ್ಕ ಹಾಕಿ ನೋಡಿ. ಕಮಿಷನ್ ತೆಗೆದುಕೊಳ್ಳುವ ಕಂಪನಿಗೆ ನಿಮ್ಮ ಹಾಡು ಓಡಿದರೇನೇ ಊಟ. ನಿಮ್ಮ ಹಾಡನ್ನು ಹತ್ತು ಜನರಿಗೆ ತಲುಪಿಸಿದರೆ ಅವರಿಗೂ ಲಾಭ. ಚಂದಾ ತೆಗೆದುಕೊಳ್ಳುವ ಕಂಪನಿಗೆ ನೀವು ಕಾರ್ಡ್ ನಂಬರ್ ಹಾಕಿದ ಕ್ಷಣದಲ್ಲೇ ವ್ಯಾಪಾರ ಮುಗಿಯಿತು. ಹಾಡು ಓಡಿದರೆ ಸಂತೋಷ, ಓಡದಿದ್ದರೆ ಇನ್ನೂ ಸಂತೋಷ. ಯಾಕೆಂದರೆ ಓಡಿದ ಹಾಡಿಗೆ ಲೆಕ್ಕ ಇಡಬೇಕು, ದುಡ್ಡು ಕಳಿಸಬೇಕು, ತೆರಿಗೆ ಫಾರ್ಮ್ ನೋಡಬೇಕು, ಜಗಳ ಬಿಡಿಸಬೇಕು. ಓಡದ ಹಾಡು ಸುಮ್ನೆ ಡಿಸ್ಕ್‌ನಲ್ಲಿ ಬಿದ್ದಿರುತ್ತದೆ.

ಯಾರೂ ಇದನ್ನು ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ನಾನು ನೋಡಿದ ಮಟ್ಟಿಗೆ ಈ ಕ್ಷೇತ್ರದಲ್ಲಿ ಅರ್ಧಕ್ಕರ್ಧ ಜನ ತಾವೇ ಬ್ಯಾಂಡ್ ಕಟ್ಟಿ ಸೋತವರು. ಡಿಸ್ಟ್ರೋಕಿಡ್ ಶುರುಮಾಡಿದ ಫಿಲಿಪ್ ಕ್ಯಾಪ್ಲನ್ ಕೂಡ ಡ್ರಮ್ಮರ್. ಆದರೆ ಸಂಬಳದ ದುಡ್ಡು ಎಲ್ಲಿಂದ ಬರುತ್ತದೋ ಗಮನ ನಿಧಾನವಾಗಿ ಆ ಕಡೆಗೇ ವಾಲುತ್ತದೆ. ನಮ್ಮಲ್ಲೂ ಹಾಗೇ ಆಯಿತು. ಮೊದಮೊದಲು ಸೋಮವಾರದ ಮೀಟಿಂಗ್‌ನಲ್ಲಿ ಯಾರ ಹಾಡು ಯಾವ ದೇಶದಲ್ಲಿ ಇದ್ದಕ್ಕಿದ್ದಂತೆ ಏರಿತು ಅಂತ ಮಾತಾಡುತ್ತಿದ್ದೆವು. ಚಂದಾ ಪದ್ಧತಿಗೆ ಬಂದ ಮೇಲೆ ಅದೇ ಮೀಟಿಂಗ್‌ನಲ್ಲಿ ಎಷ್ಟು ಜನ ಸೈನ್ ಅಪ್ ಆದರು, ಎಷ್ಟು ಜನ ರಿನ್ಯೂ ಮಾಡಲಿಲ್ಲ, ಎಷ್ಟು ಜನರ ಕಾರ್ಡ್ ಫೇಲ್ ಆಯಿತು ಅನ್ನುವ ಮಾತೇ ಆಯಿತು. ಹಾಡಿನ ಸುದ್ದಿ ಊಟದ ಹೊತ್ತಿನ ಹರಟೆಗೆ ಹೋಯಿತು.

ಕಾರ್ಡ್ ಫೇಲ್ ಆಗುವ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ. ವಾರ್ಷಿಕ ಚಂದಾ ನಿಂತರೆ ಸಾಮಾನ್ಯವಾಗಿ ಹಾಡು ಎಲ್ಲ ಸ್ಟೋರ್‌ಗಳಿಂದ, ಅಂದರೆ ಸ್ಪಾಟಿಫೈ, ಆಪಲ್ ಮ್ಯೂಸಿಕ್ ಥರದ ಸೇವೆಗಳಿಂದ, ಇಳಿಯುತ್ತದೆ. ಎಲ್ಲೋ ಒಬ್ಬ ಗಾಯಕ ತೀರಿಕೊಂಡಿರುತ್ತಾನೆ. ಬ್ಯಾಂಕಿನವರು ಕಾರ್ಡ್ ನಿಲ್ಲಿಸಿರುತ್ತಾರೆ. ನಮ್ಮ ಸಿಸ್ಟಮ್ ಅವನ ಹೆಸರಿಗೆ ಜ್ಞಾಪನಾ ಇಮೇಲ್‌ಗಳನ್ನು ಕಳಿಸುತ್ತಾ ಹೋಗಿ, ಕೊನೆಗೆ ಟೇಕ್‌ಡೌನ್ ಆದೇಶ ಹೊರಡಿಸುತ್ತದೆ. ಮನೆಯವರಿಗೆ ಪಾಸ್‌ವರ್ಡ್ ಗೊತ್ತಿಲ್ಲ. ಹಾಡು ಯಾವ ಕಂಪನಿ ಮೂಲಕ ಹೋಗಿತ್ತು ಅನ್ನುವುದೂ ಗೊತ್ತಿಲ್ಲ. ಇಂಥ ಪತ್ರಗಳು ನಮ್ಮ ಡೆಸ್ಕ್‌ಗೆ ಬರುತ್ತಿದ್ದವು. ಮರಣ ಪ್ರಮಾಣಪತ್ರ ಕಳಿಸಿ ಅಂತ ಉತ್ತರ ಬರೆಯುವುದು ನನ್ನ ಕೆಲಸವಾಗಿತ್ತು. ಡಿಸ್ಟ್ರೋಕಿಡ್ ಇದಕ್ಕೆ ಒಂದು ಉಪಾಯ ಮಾಡಿದೆ. ಒಂದು ಸಲ ಹೆಚ್ಚುವರಿ ದುಡ್ಡು ಕಟ್ಟಿದರೆ ಚಂದಾ ನಿಂತರೂ ಆ ಹಾಡು ಉಳಿಯುತ್ತದೆ. ಒಳ್ಳೆಯ ಏರ್ಪಾಡೇ. ಆದರೆ ಒಂದೊಂದು ಬಿಡುಗಡೆಗೂ ಬೇರೆಬೇರೆ ಕಟ್ಟಬೇಕು. ಇಪ್ಪತ್ತು ಹಾಡು ಹಾಕಿದವರಿಗೆ "ಎಷ್ಟು ಬೇಕಾದರೂ ಹಾಕಿ" ಅನ್ನುವ ಅಗ್ಗದ ಮಾತಿನ ನಿಜವಾದ ಬೆಲೆ ಆಗ ಗೊತ್ತಾಗುತ್ತದೆ.

ಬೆಳವಣಿಗೆ ಅಂದರೆ ಒಳಗಿನಿಂದ ಹೇಗೆ ಕಾಣುತ್ತದೆ ಅಂತ ಹೇಳಲು ಎರಡು ಪುಟ್ಟ ಸಂಗತಿ ಸಾಕು.

ಮೊದಲನೆಯದು ಐಎಸ್‌ಆರ್‌ಸಿ. ರೆಕಾರ್ಡ್ ಆದ ಪ್ರತಿ ಹಾಡಿಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ, 12 ಅಕ್ಷರ ಮತ್ತು ಅಂಕಿಗಳದ್ದು. ಮೊದಲ ಐದು ಸ್ಥಾನ ಆ ಕೋಡ್ ಪಡೆದ ಕಂಪನಿಯ ಗುರುತು, ಆಮೇಲಿನ ಎರಡು ವರ್ಷ, ಕೊನೆಯ ಐದು ಅಂಕಿ ಆ ವರ್ಷದ ಕ್ರಮಸಂಖ್ಯೆ. ಐದು ಅಂಕಿ ಅಂದರೆ ವರ್ಷಕ್ಕೆ ಒಂದು ಲಕ್ಷ ಹಾಡು. ಈ ಪದ್ಧತಿ ರೂಪಿಸಿದವರಿಗೆ ಒಂದು ಕಂಪನಿ ಒಂದು ವರ್ಷದಲ್ಲಿ ಲಕ್ಷ ಹಾಡು ಹೊರತರುತ್ತದೆ ಅನ್ನುವುದು ಕನಸಿನಲ್ಲೂ ಬಂದಿರಲಿಕ್ಕಿಲ್ಲ. ಆದರೆ ಸಂಗೀತದ ಅಂಕಿಅಂಶ ಇಡುವ ಲುಮಿನೇಟ್ ಸಂಸ್ಥೆಯ ಪ್ರಕಾರ 2023ರಲ್ಲಿ ಸ್ಟ್ರೀಮಿಂಗ್ ಸೇವೆಗಳಿಗೆ ದಿನಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಹೊಸ ಟ್ರ್ಯಾಕ್ ಬರುತ್ತಿದ್ದವು. ದಿನಕ್ಕೆ! ದೊಡ್ಡ ವಿತರಕರು ಒಂದು ಕೋಡ್ ಮುಗಿದ ಹಾಗೆ ಇನ್ನೊಂದು ಪಡೆಯುತ್ತಾ ಹೋಗುತ್ತಾರೆ. ನಮ್ಮಲ್ಲಿ ಮೊದಲ ಸಲ ಸಂಖ್ಯೆ ಮುಗಿಯುವ ಹತ್ತಿರ ಬಂದಾಗ ಕೇಕ್ ಕತ್ತರಿಸಿದ್ದೆವು. ಎರಡನೇ ಸಲ ಯಾರೋ ಆಫೀಸಿನ ಸಿಸ್ಟಮ್‌ನಲ್ಲಿ ಹೊಸ ಕೋಡ್ ಬೇಕು ಅಂತ ಒಂದು ಕೋರಿಕೆ ಹಾಕಿ ಸುಮ್ಮನಾದರು.

ಎರಡನೆಯದು ರಾಯಲ್ಟಿ ಶೀಟ್. ಒಂದು ಹಾಡಿಗೆ ಒಂದು ಸಾಲು ಅಂತ ನೀವು ಅಂದುಕೊಂಡಿರಬಹುದು. ಹಾಗಲ್ಲ. ಯಾವ ತಿಂಗಳು, ಯಾವ ಸ್ಟೋರ್, ಯಾವ ದೇಶ, ದುಡ್ಡು ಕೊಡುವ ಕೇಳುಗನೋ ಜಾಹೀರಾತು ಕೇಳುವವನೋ, ಹೀಗೆ ಪ್ರತಿಯೊಂದಕ್ಕೂ ಬೇರೆ ಸಾಲು. ಮೂರು ಸ್ಟ್ರೀಮ್‌ಗೆ, ಅಂದರೆ ಹಾಡು ಮೂರು ಸಲ ಕೇಳಿಸಿಕೊಂಡಿದ್ದಕ್ಕೆ, ಒಂದು ಸಾಲು, ಅದರ ಮುಂದೆ ಸೊನ್ನೆ, ಬಿಂದು, ಮತ್ತೆ ಎರಡು ಸೊನ್ನೆ, ಆಮೇಲೆ ಒಂದಷ್ಟು ಅಂಕಿ. ಹತ್ತು ಹಾಡಿನ ಆಲ್ಬಂ ಐವತ್ತು ದೇಶಗಳಲ್ಲಿ ಅಲ್ಲಲ್ಲಿ ಕೇಳಿಸಿಕೊಂಡರೆ ಸಾವಿರಾರು ಸಾಲು. ಕೂಡಿಸಿದರೆ ಒಂದು ಹೊತ್ತಿನ ಊಟಕ್ಕೂ ಸಾಲದ ದುಡ್ಡು. ಎಕ್ಸೆಲ್‌ನಲ್ಲಿ ಒಂದು ಶೀಟ್‌ಗೆ 10,48,576 ಸಾಲು ಮಾತ್ರ ಹಿಡಿಯುತ್ತವೆ. ಒಂದು ಸ್ಟೋರ್‌ನ ಒಂದು ತಿಂಗಳ ಫೈಲ್ ಅದರಲ್ಲಿ ತೆರೆಯದೆ ಹೋದ ದಿನ ನಮ್ಮ ಅಕೌಂಟ್ಸ್ ಹುಡುಗ ಕುರ್ಚಿ ಹಿಂದಕ್ಕೆ ತಳ್ಳಿ, "ಇನ್ನು ಇದು ಸಣ್ಣ ಕಂಪನಿ ಅಲ್ಲ ಕಣ್ರಿ" ಅಂದ. ನನಗೆ ನೆನಪಿರುವ ಹಾಗೆ ನಾವು ಬೆಳೆದಿದ್ದೇವೆ ಅನ್ನುವುದನ್ನು ಜೋರಾಗಿ ಹೇಳಿದ್ದು ಅದೇ ಮೊದಲು.

ಹನಿ ಹನಿ ಗೂಡಿದರೆ ಹಳ್ಳ ಅನ್ನುತ್ತಾರಲ್ಲ, ಇಲ್ಲಿ ಆ ಹಳ್ಳ ಯಾರದ್ದು ಅನ್ನುವುದೇ ಪ್ರಶ್ನೆ. ಬಹಳ ಕಡೆ ಒಂದು ಕನಿಷ್ಠ ಮೊತ್ತ ಆಗುವವರೆಗೆ ದುಡ್ಡು ತೆಗೆಯಲು ಬಿಡುವುದಿಲ್ಲ. ಒಬ್ಬೊಬ್ಬರ ಖಾತೆಯಲ್ಲಿ ಉಳಿದದ್ದು ಚಿಲ್ಲರೆ. ಆ ಖಾತೆಗಳು ಲಕ್ಷಗಟ್ಟಲೆ ಆದಾಗ ಅದು ಚಿಲ್ಲರೆ ಅಲ್ಲ.

ಲುಮಿನೇಟ್‌ನ ಇನ್ನೊಂದು ಲೆಕ್ಕ ನನ್ನ ತಲೆಯಿಂದ ಹೋಗಿಲ್ಲ. 2023ರ ಕೊನೆಗೆ ಸ್ಟ್ರೀಮಿಂಗ್ ಸೇವೆಗಳಲ್ಲಿ ಸುಮಾರು 18.4 ಕೋಟಿ ಟ್ರ್ಯಾಕ್ ಇದ್ದವು. ಅದರಲ್ಲಿ 4.56 ಕೋಟಿಯನ್ನು ಆ ಇಡೀ ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ. ಒಂದೇ ಒಂದು ಸಲವೂ. ಹಾಡಿದವರೂ ತಮ್ಮ ಹಾಡನ್ನು ಆ ವರ್ಷ ಹಾಕಿ ಕೇಳಿಲ್ಲ ಅಂತಾಯಿತು. 1,000 ಅಥವಾ ಅದಕ್ಕಿಂತ ಕಡಿಮೆ ಸಲ ಕೇಳಿಸಿಕೊಂಡವನ್ನು ಸೇರಿಸಿದರೆ ಒಟ್ಟಿನ 86 ಶೇಕಡಾ ಆಗುತ್ತದೆ. ಚಂದಾ ಪದ್ಧತಿಯ ವಿತರಣೆ ಬೆಳೆದಿರುವುದು ಬಹುಪಾಲು ಈ 86 ಶೇಕಡಾದ ಮೇಲೆ.

ಇದರಲ್ಲಿ ತಪ್ಪೇನು ಅಂತ ಕೇಳಬಹುದು. ಯಾರೋ ಇಷ್ಟಪಟ್ಟು ಹಾಡಿದ್ದಾರೆ, ಇಷ್ಟಪಟ್ಟು ದುಡ್ಡು ಕೊಟ್ಟಿದ್ದಾರೆ, ಹಾಡು ಎಲ್ಲರ ಫೋನಿಗೂ ಸಿಗುವಂತೆ ಇದೆ. ಮೊದಲಾದರೆ ಲೇಬಲ್ ಆಫೀಸಿನ ಹೊರಗೆ ಕಾಯಬೇಕಿತ್ತು. ನಾನೂ ಇದನ್ನು ಒಪ್ಪುತ್ತೇನೆ. ಬಾಗಿಲು ಮುಚ್ಚಿದ್ದ ಕಾಲಕ್ಕಿಂತ ತೆರೆದಿರುವ ಕಾಲ ವಾಸಿ. ಆದರೆ ಬಾಗಿಲು ಕಾಯುವವರನ್ನು ತೆಗೆದು ಟಿಕೆಟ್ ಹರಿಯುವವರನ್ನು ಕೂರಿಸಿದಾಗ ಒಳಗೆ ಬರುವವರೆಲ್ಲ ಹಾಡುಗಾರರೇ ಆಗಿರುವುದಿಲ್ಲ, ಅಲ್ವಾ?

ಬಂದರು. ಮಳೆಯ ಸದ್ದನ್ನು ಮೂವತ್ತು ಮೂವತ್ತು ಸೆಕೆಂಡಿಗೆ ಕತ್ತರಿಸಿ ನೂರು ಟ್ರ್ಯಾಕ್ ಮಾಡಿದವರು ಬಂದರು. ಸ್ಟ್ರೀಮ್ ಅಂತ ಲೆಕ್ಕವಾಗಲು ಮೂವತ್ತು ಸೆಕೆಂಡ್ ಸಾಕು, ಅದಕ್ಕೇ. ಬೇರೆಯವರ ಹಾಡನ್ನು ಸ್ವಲ್ಪ ವೇಗ ಹೆಚ್ಚಿಸಿ ತಮ್ಮ ಹೆಸರಿನಲ್ಲಿ ಹಾಕಿದವರು ಬಂದರು. ಸಾವಿರ ನಕಲಿ ಖಾತೆಗಳಿಂದ ತಮ್ಮದೇ ಹಾಡನ್ನು ಹಗಲೂ ರಾತ್ರಿ ಓಡಿಸಿದವರು ಬಂದರು. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸರ್ಕಾರಿ ವಕೀಲರು ಒಬ್ಬನ ಮೇಲೆ ಕೇಸು ಹಾಕಿದರು. ಎಐಯಿಂದ ಲಕ್ಷಾಂತರ ಹಾಡು ಮಾಡಿಸಿ, ಬಾಟ್ ಎಂಬ ತಾನೇ ಓಡುವ ಪ್ರೋಗ್ರಾಂಗಳಿಂದ ಕೇಳಿಸಿ, ಒಂದು ಕೋಟಿ ಡಾಲರ್‌ಗೂ ಹೆಚ್ಚು ರಾಯಲ್ಟಿ ಪಡೆದ ಅನ್ನುವುದು ಆರೋಪ. ಫ್ರಾನ್ಸಿನ ಸ್ಟ್ರೀಮಿಂಗ್ ಸೇವೆ ಡೀಜರ್ ತನಗೆ ಬರುವ ಹಾಡುಗಳನ್ನು ತಪಾಸಣೆ ಮಾಡಿ ಲೆಕ್ಕ ಬಿಡುತ್ತಿದೆ. 2025ರ ಜನವರಿಯಲ್ಲಿ ದಿನಕ್ಕೆ ಹತ್ತು ಸಾವಿರದಷ್ಟು ಪೂರ್ತಿ ಎಐ ಹಾಡುಗಳು ಬರುತ್ತಿದ್ದವು, ಏಪ್ರಿಲ್‌ಗೆ ಅದು ಇಪ್ಪತ್ತು ಸಾವಿರ ದಾಟಿತ್ತು. ಇವೆಲ್ಲ ಒಳಗೆ ಬಂದಿದ್ದು ಯಾವ ಬಾಗಿಲಿಂದ? ವಿತರಕರ ಬಾಗಿಲಿಂದಲೇ.

ಸ್ಟ್ರೀಮಿಂಗ್ ದುಡ್ಡು ಹಂಚುವ ರೀತಿ ಗೊತ್ತಿದ್ದರೆ ಇದು ಯಾಕೆ ದೊಡ್ಡ ವಿಷಯ ಅಂತ ತಿಳಿಯುತ್ತದೆ. ಒಂದು ಸ್ಟ್ರೀಮ್‌ಗೆ ಇಷ್ಟು ಅಂತ ಯಾರೂ ಕೊಡುವುದಿಲ್ಲ. ಒಂದು ದೇಶದಲ್ಲಿ ತಿಂಗಳಿಗೆ ಬಂದ ದುಡ್ಡಿನಲ್ಲಿ ಸುಮಾರು ಮೂರನೇ ಎರಡು ಭಾಗ ಹಕ್ಕುದಾರರ ಪಾಲು. ಅದನ್ನು ಒಟ್ಟು ಸ್ಟ್ರೀಮ್‌ಗಳಲ್ಲಿ ನಿಮ್ಮ ಪಾಲು ಎಷ್ಟೋ ಅಷ್ಟಕ್ಕೆ ಹಂಚುತ್ತಾರೆ. ಹಾಗಾಗಿ ನಕಲಿ ಸ್ಟ್ರೀಮ್‌ಗೆ ಹೋದ ಪ್ರತಿ ಪೈಸೆಯೂ ಯಾರೋ ನಿಜವಾಗಿ ಹಾಡಿದವರ ಪಾಲಿನಿಂದ ಹೋದದ್ದು.

ಸ್ಪಾಟಿಫೈ 2024ರಿಂದ ಎರಡು ನಿಯಮ ತಂದಿತು. ಹಿಂದಿನ 12 ತಿಂಗಳಲ್ಲಿ 1,000 ಸ್ಟ್ರೀಮ್ ಆಗದ ಹಾಡಿಗೆ ರೆಕಾರ್ಡಿಂಗ್ ರಾಯಲ್ಟಿ ಇಲ್ಲ. ಬಹುಪಾಲು ನಕಲಿ ಸ್ಟ್ರೀಮ್ ಇರುವ ಹಾಡು ಸಿಕ್ಕಿಬಿದ್ದರೆ ಅದನ್ನು ಕಳಿಸಿದ ವಿತರಕನಿಗೋ ಲೇಬಲ್‌ಗೋ ದಂಡ. ಮೊದಲನೆಯದರ ಬಗ್ಗೆ ಜಾಸ್ತಿ ಕೂಗಾಟ ಆಯಿತು. ನನ್ನ ಲೆಕ್ಕದಲ್ಲಿ ಎರಡನೆಯದೇ ಉದ್ಯಮವನ್ನು ಹೆಚ್ಚು ಬದಲಿಸಿದ್ದು. ವಿತರಕರು ದಂಡವನ್ನು ಕಲಾವಿದರ ತಲೆಗೆ ಕಟ್ಟಿದರು. ಅನುಮಾನ ಬಂದ ಕೂಡಲೇ ಹಾಡು ಇಳಿಸತೊಡಗಿದರು. ಈಗ ಪಾಪದ ಒಬ್ಬ ಹುಡುಗಿ ಹಾಡು ಬಿಟ್ಟಿದ್ದಾಳೆ ಅಂದುಕೊಳ್ಳಿ. ಅವಳಿಗೆ ಗೊತ್ತೇ ಇಲ್ಲದಂತೆ ಯಾರೋ ಬಾಟ್ ಓಡುವ ಪ್ಲೇಲಿಸ್ಟ್‌ಗೆ ಅದನ್ನು ಸೇರಿಸುತ್ತಾರೆ. ತಮ್ಮ ನಕಲಿ ಹಾಡುಗಳ ನಡುವೆ ಬೇರೆಯವರ ನಾಲ್ಕು ನಿಜವಾದ ಹಾಡೂ ಇದ್ದರೆ ತಮ್ಮ ಮೇಲೆ ಅನುಮಾನ ಕಡಿಮೆಯಾಗುತ್ತದೆ ಅಂತ. ಎರಡು ವಾರಕ್ಕೆ ಹಾಡು ಮಾಯ, ಖಾತೆ ಬಂದ್. ಅವಳು ಬರೆದ ಇಮೇಲ್‌ಗೆ ಯಂತ್ರ ಉತ್ತರಿಸುತ್ತದೆ. ವರ್ಷಕ್ಕೆ ಇಪ್ಪತ್ತು ಚಿಲ್ಲರೆ ಡಾಲರ್ ಕೊಡುವ ಗಿರಾಕಿಯ ದೂರನ್ನು ಒಬ್ಬ ಮನುಷ್ಯ ಕೂತು ಅರ್ಧ ಗಂಟೆ ಓದಿದರೆ ಆ ವರ್ಷದ ಲಾಭ ಅಲ್ಲಿಗೆ ಮುಗಿಯಿತು. ಕಾಸಿಗೆ ತಕ್ಕ ಕಜ್ಜಾಯ. ಹುಡುಗಿಯ ಕಡೆ ನನ್ನ ಮನಸ್ಸು ವಾಲುತ್ತದೆ. ಆದರೆ ಆ ಡೆಸ್ಕ್‌ನ ಇನ್ನೊಂದು ಬದಿಯಲ್ಲಿ ಕೂತಿದ್ದ ನನಗೆ, ಅಂಥದೇ ಗೋಳಿನ ಇಮೇಲ್ ಬರೆಯುವವರಲ್ಲಿ ನಿಜವಾದ ವಂಚಕರೂ ಎಷ್ಟು ಇರುತ್ತಾರೆ ಅನ್ನುವುದೂ ಗೊತ್ತು.

2023ರಲ್ಲಿ ಡಿಸ್ಟ್ರೋಕಿಡ್, ಟ್ಯೂನ್‌ಕೋರ್, ಸಿಡಿ ಬೇಬಿ ಮುಂತಾದವರು ಸ್ಪಾಟಿಫೈ, ಅಮೆಜಾನ್ ಜೊತೆ ಸೇರಿ ವಂಚನೆ ತಡೆಗೆ ಒಂದು ಒಕ್ಕೂಟ ಮಾಡಿಕೊಂಡರು. ಒಂದು ಕಡೆ ಹೊರಹಾಕಿಸಿಕೊಂಡವನು ಮರುದಿನ ಇನ್ನೊಂದು ಕಡೆ ಖಾತೆ ತೆರೆಯುತ್ತಿದ್ದ. ಅದನ್ನು ನಿಲ್ಲಿಸುವುದು ಉದ್ದೇಶ. ಎದುರಾಳಿ ಕಂಪನಿಗಳು ಹೀಗೆ ಒಟ್ಟಿಗೆ ಕೂತಿದ್ದೇ ಪರಿಸ್ಥಿತಿ ಎಲ್ಲಿಗೆ ಬಂದಿತ್ತು ಅನ್ನುವುದಕ್ಕೆ ಸಾಕ್ಷಿ.

ಹಾಗಾದರೆ ಸ್ಟ್ರೀಮಿಂಗ್ ಕಂಪನಿಗಳು ವಿತರಕರನ್ನು ಬಿಟ್ಟು ತಾವೇ ನೇರವಾಗಿ ಹಾಡು ತಗೊಳ್ಳಬಹುದಲ್ಲ? ಸ್ಪಾಟಿಫೈ ಅದನ್ನೂ ಮಾಡಿ ನೋಡಿತು. 2018ರ ಸೆಪ್ಟೆಂಬರ್‌ನಲ್ಲಿ ಕಲಾವಿದರು ನೇರವಾಗಿ ಅಪ್‌ಲೋಡ್ ಮಾಡುವ ಪ್ರಯೋಗ ಶುರುಮಾಡಿತು. ನಮ್ಮ ಆಫೀಸಿನಲ್ಲಿ ಅವತ್ತು ಯಾರಿಗೂ ಕೆಲಸ ಓಡಲಿಲ್ಲ. ಹೊಸ ಕೆಲಸ ಹುಡುಕಬೇಕೇನೋ ಅಂತ ಮಾತಾಡಿಕೊಂಡೆವು. ಒಂದು ವರ್ಷ ತುಂಬುವ ಮೊದಲೇ, 2019ರ ಜುಲೈನಲ್ಲಿ, ಅವರು ಅದನ್ನು ಮುಚ್ಚಿದರು. ಈ ಕೆಲಸವನ್ನು ವಿತರಕರೇ ಚೆನ್ನಾಗಿ ಮಾಡುತ್ತಾರೆ ಅಂದರು. ಒಂದೇ ಹೆಸರಿನ ಇಬ್ಬರು ಗಾಯಕರ ಪುಟ ಬೆರೆತುಹೋಗಿದೆ ಅಂತ ಜಗಳ, ಡ್ರಮ್ಮರ್ ತನ್ನ ಪಾಲು ಬಂದಿಲ್ಲ ಅಂತ ದೂರು, ಕವರ್ ಚಿತ್ರದಲ್ಲಿ ಬೇರೆ ಕಂಪನಿಯ ಲೋಗೋ, ಹೆಸರಿನ ಒಂದು ಅಕ್ಷರ ತಪ್ಪಿದ್ದಕ್ಕೆ ಬಿಡುಗಡೆ ದಿನದ ಮಧ್ಯರಾತ್ರಿ ಫೋನು. ಈ ರಗಳೆ ಯಾರಿಗೆ ಬೇಕು? ವಿತರಣಾ ಕಂಪನಿ ಉಳಿದಿರುವುದು ತಂತ್ರಜ್ಞಾನದಿಂದ ಅಂತ ಹೂಡಿಕೆದಾರರಿಗೆ ಹೇಳುತ್ತಾರೆ. ನಾನು ಕಂಡಂತೆ ಉಳಿದಿರುವುದು ಈ ರಗಳೆಯಿಂದ.

ಇನ್ನು ಮಾರಾಟದ ಕತೆ. ಸ್ವತಂತ್ರ ಅನ್ನುವ ಹಣೆಪಟ್ಟಿಯ ಕಂಪನಿಗಳು ಬೆಳೆದು ಎಲ್ಲಿಗೆ ಹೋದವು ಅಂತ ನೋಡಿದರೆ ಒಂದು ದಾರಿ ಎದ್ದು ಕಾಣುತ್ತದೆ. ದಿ ಆರ್ಚರ್ಡ್ 2015ರಲ್ಲಿ ಪೂರ್ತಿಯಾಗಿ ದೊಡ್ಡ ಸಂಗೀತ ಕಂಪನಿ ಸೋನಿಯದಾಯಿತು. ಅವಾಲ್ 2021ರಲ್ಲಿ 43 ಕೋಟಿ ಡಾಲರ್‌ಗೆ ಸೋನಿಗೇ ಹೋಯಿತು. ಇನ್‌ಗ್ರೂವ್ಸ್ 2019ರಲ್ಲಿ ಇನ್ನೊಂದು ದೊಡ್ಡ ಸಂಗೀತ ಕಂಪನಿ ಯೂನಿವರ್ಸಲ್‌ಗೆ ಸೇರಿತು. ಟ್ಯೂನ್‌ಕೋರ್ ಅನ್ನು 2015ರಲ್ಲಿ ಪ್ಯಾರಿಸ್ಸಿನ ಬಿಲೀವ್ ಕೊಂಡಿತು. ಸಿವರ್ಸ್ 2008ರಲ್ಲಿ ಸಿಡಿ ಬೇಬಿಯನ್ನು 2.2 ಕೋಟಿ ಡಾಲರ್‌ಗೆ ಡಿಸ್ಕ್ ಮೇಕರ್ಸ್‌ಗೆ ಮಾರಿ, ಆ ದುಡ್ಡು ಕೊನೆಗೆ ಸಂಗೀತ ಶಿಕ್ಷಣಕ್ಕೆ ಹೋಗುವಂತೆ ಟ್ರಸ್ಟ್ ಮಾಡಿದ. 2019ರಲ್ಲಿ ಸಿಡಿ ಬೇಬಿ ಡೌನ್‌ಟೌನ್ ಎಂಬ ಸಂಗೀತ ಕಂಪನಿಯ ಪಾಲಾಯಿತು. 2024ರ ಡಿಸೆಂಬರ್‌ನಲ್ಲಿ ಯೂನಿವರ್ಸಲ್‌ನ ವರ್ಜಿನ್ ಮ್ಯೂಸಿಕ್ ಗ್ರೂಪ್ 77.5 ಕೋಟಿ ಡಾಲರ್‌ಗೆ ಇಡೀ ಡೌನ್‌ಟೌನ್ ಕೊಳ್ಳುವುದಾಗಿ ಪ್ರಕಟಿಸಿತು. ಯುರೋಪಿನ ಸ್ಪರ್ಧಾ ಪ್ರಾಧಿಕಾರ ಅದರ ಮೇಲೆ ಆಳವಾದ ತನಿಖೆಗೆ ಇಳಿಯಿತು, ಸ್ವತಂತ್ರ ಲೇಬಲ್‌ಗಳ ಸಂಘಗಳು ಬೀದಿಗಿಳಿದಷ್ಟೇ ಜೋರಾಗಿ ವಿರೋಧಿಸಿದವು.

ದೊಡ್ಡವರಿಗೆ ಇದು ಯಾಕೆ ಬೇಕು? ಹಾಡುಗಳಿಗಾಗಿ ಅಂತ ಮೇಲ್ನೋಟಕ್ಕೆ ಅನಿಸುತ್ತದೆ. 86 ಶೇಕಡಾ ಹಾಡು ವರ್ಷಕ್ಕೆ ಸಾವಿರ ಸಲ ದಾಟದಿರುವಾಗ ಅದರ ರಾಯಲ್ಟಿಯಲ್ಲಿ ಏನಿದೆ? ಬೆಲೆ ಇರುವುದು ಅಂಕಿಅಂಶಕ್ಕೆ. ನಾಳೆ ಯಾರು ಏರುತ್ತಾರೆ ಅನ್ನುವುದು ಮೊದಲು ಕಾಣುವುದು ವಿತರಕನ ಪರದೆಯ ಮೇಲೆ. ಒಬ್ಬ ಅಪರಿಚಿತನ ಹಾಡು ಮಂಗಳವಾರ ಇನ್ನೂರು ಸಲ ಓಡಿ, ಶುಕ್ರವಾರ ನಾಲ್ಕು ಸಾವಿರ ಸಲ ಓಡಿದರೆ ಅವನಿಗೆ ಗೊತ್ತಾಗುವ ಮೊದಲೇ ವಿತರಕನಿಗೆ ಗೊತ್ತಿರುತ್ತದೆ. ಮುಂಗಡ ದುಡ್ಡು ಹಿಡಿದು ಮೊದಲು ಅವನ ಬಾಗಿಲಿಗೆ ಹೋಗುವವರೂ ಆ ಪರದೆ ಕೈಯಲ್ಲಿರುವವರೇ. ಬಿಲೀವ್ ಅಂಥ ಕಂಪನಿಗಳು ಇದನ್ನು ಮುಚ್ಚುಮರೆ ಇಲ್ಲದೆ ತಮ್ಮ ಮಾದರಿಯಾಗಿ ಕಟ್ಟಿವೆ. ಕೆಳಗೆ ಯಾರು ಬೇಕಾದರೂ ಬರುವ ಟ್ಯೂನ್‌ಕೋರ್, ಮೇಲೆ ಆರಿಸಿದವರಿಗೆ ಹೆಚ್ಚಿನ ಸೇವೆ. ಹಿಂದೆ ಲೇಬಲ್‌ನವರು ಕ್ಲಬ್ಬು ಕ್ಲಬ್ಬು ಸುತ್ತಿ ಪ್ರತಿಭೆ ಹುಡುಕುತ್ತಿದ್ದರು. ಈಗ ಪ್ರತಿಭೆಗಳೇ ಚಂದಾ ಕಟ್ಟಿ ಸಾಲಿನಲ್ಲಿ ನಿಲ್ಲುತ್ತಿವೆ.

ದೊಡ್ಡವರ ಇಬ್ಬಂದಿತನವೂ ನೋಡುವಂಥದ್ದು. ಅದೇ ಯೂನಿವರ್ಸಲ್ 2024ರ ನವೆಂಬರ್‌ನಲ್ಲಿ ಬಿಲೀವ್ ಮತ್ತು ಟ್ಯೂನ್‌ಕೋರ್ ಮೇಲೆ 50 ಕೋಟಿ ಡಾಲರ್ ಪರಿಹಾರ ಕೇಳಿ ಕೇಸು ಹಾಕಿತು. ತಮ್ಮ ಕಲಾವಿದರ ಹಾಡುಗಳನ್ನು ತಿರುಚಿದ ನಕಲುಗಳನ್ನು ವಿತರಿಸುತ್ತಿದ್ದಾರೆ ಅನ್ನುವುದು ದೂರು. ಬಿಲೀವ್ ಅದನ್ನು ಅಲ್ಲಗಳೆಯಿತು. ಮುಂದಿನ ತಿಂಗಳೇ, ಯಾರು ಬೇಕಾದರೂ ಹಾಡು ಹಾಕಬಹುದಾದ ಸಿಡಿ ಬೇಬಿ ಇರುವ ಡೌನ್‌ಟೌನ್ ಕೊಳ್ಳಲು ಅವರೇ ಹೊರಟರು. ತೆರೆದ ಬಾಗಿಲು ಪಕ್ಕದವರದ್ದಾದರೆ ಅಪಾಯ, ನಮ್ಮದಾದರೆ ಆಸ್ತಿ.

ನಾನು ಕೆಲಸ ಬಿಟ್ಟ ಕಂಪನಿಯೂ ಕೊನೆಗೆ ಮಾರಾಟವಾಯಿತು. ಅದರ ಬಗ್ಗೆ ಹೆಚ್ಚು ಬರೆಯುವಂಥದ್ದೇನಿಲ್ಲ. ಸೇವಾ ನಿಯಮ ಬದಲಾಗಿದೆ ಅಂತ ಎಲ್ಲ ಕಲಾವಿದರಿಗೂ ಒಂದು ಇಮೇಲ್ ಹೋಯಿತು. ಯಾರೂ ಓದಿರಲಿಕ್ಕಿಲ್ಲ. ನನಗೂ ಬಂದಿತ್ತು, ನನ್ನ ಹಳೆಯ ಹಾಡೊಂದು ಅಲ್ಲೇ ಇದ್ದದ್ದರಿಂದ. ಅದನ್ನು ಬೇರೆ ಕಡೆಗೆ ಸಾಗಿಸಿದೆ.

ಸಾಗಿಸಬಹುದು ಅನ್ನುವುದೇ ಬಹಳ ಜನರಿಗೆ ಗೊತ್ತಿಲ್ಲ. ಹಾಗಾಗಿ ಅದನ್ನಿಷ್ಟು ಹೇಳಿಬಿಡುತ್ತೇನೆ. ಮೊದಲು ಹಳೆಯ ಖಾತೆಯಿಂದ ಎಲ್ಲ ಹಾಡುಗಳ ಐಎಸ್‌ಆರ್‌ಸಿ ಬರೆದಿಟ್ಟುಕೊಳ್ಳಿ. ರಾಯಲ್ಟಿ ಶೀಟ್‌ಗಳನ್ನೂ ಇಳಿಸಿಕೊಳ್ಳಿ. ಹೊಸ ಕಡೆ ಅದೇ ಫೈಲ್, ಅದೇ ಹೆಸರು, ಅಕ್ಷರವೂ ಬದಲಾಗದಂತೆ, ಅದೇ ಐಎಸ್‌ಆರ್‌ಸಿ ಕೊಟ್ಟು ಹಾಕಿ. ಹೊಸ ಕೋಡ್ ಅವರೇ ಕೊಡುತ್ತೇವೆ ಅಂದರೆ ಬೇಡ ಅನ್ನಿ. ಕೋಡ್ ಬದಲಾದರೆ ಇಷ್ಟು ದಿನದ ಕೇಳುಗರ ಲೆಕ್ಕ ಸೊನ್ನೆಯಿಂದ ಶುರುವಾಗುವ ಸಾಧ್ಯತೆ ಇದೆ. ಹೊಸದು ಎಲ್ಲ ಸ್ಟೋರ್‌ಗಳಲ್ಲಿ ಕಾಣಿಸಿಕೊಂಡು, ಎರಡೂ ಒಂದೇ ಲೆಕ್ಕಕ್ಕೆ ಸೇರಿದ್ದು ಖಾತ್ರಿಯಾದ ಮೇಲಷ್ಟೇ ಹಳೆಯದನ್ನು ಇಳಿಸಿ. ಹಳೆಯ ಖಾತೆಯನ್ನು ತಕ್ಷಣ ಮುಚ್ಚಬೇಡಿ. ರಾಯಲ್ಟಿ ಎರಡು ಮೂರು ತಿಂಗಳು ತಡವಾಗಿ ಬರುತ್ತದೆ, ನಿಮ್ಮ ಕೊನೆಯ ಚಿಲ್ಲರೆ ಇನ್ನೂ ದಾರಿಯಲ್ಲಿರುತ್ತದೆ.